ಸೂರಿಗೊಂದು ತೂತು

ಹೊಸೂರು, ೯ ಜನವರಿ ೨೦೦೭

ಮಹಡಿ ಮೇಲಿರುವ ಮನೆ ಮಾಲೀಕರಾದ ಅಶ್ವತ್ಥಪ್ಪನವರಿಗೆ ಕೆಳಮನೆಯ ಬಾಡಿಗೆದಾರನ ನಮಸ್ಕಾರ.

ಒಂದು ಘೋರ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ನೀವು ಮದುವೆಗೆ ಹೋಗಿದ್ದಾಗ ನಿಮ್ಮ ಸೂರಿಗೆ ತೂತು ಕೊರೆದು ಫ್ಯಾನ್ ನೇತುಹಾಕಿದೆ. "ಹೊಸೂರಲ್ಲಿ ಫ್ಯಾನ್ ಹಾಕ್ಕೊಳ್ಳೋನು ಹುಚ್ಚ ಕಣಪ್ಪಾ" ಎಂದು ಕೊಕ್ಕೆಯನ್ನೇ ಇಡದೆ ಮನೆ ಕಟ್ಟಿಸಿದವರು ನೀವು. ಗೋಡೆಗೆ ಮೊಳೆ ಹೊಡೆದರೂ ಮನೆ ಖಾಲಿ ಮಾಡಿಸುವವರು.

ನಿಮಗೆ ಅನುಮಾನವಿತ್ತು. ಬಾಗಿಲಲ್ಲಿ ನಿಂತು, "ಅದೇನಪ್ಪಾ ಗರಗರ ಸದ್ದು?" ಅಂದಿರಿ. ಮಿಕ್ಸಿ ಅಂದೆ. ನನಗೂ ನಿಮ್ಮ ಮೇಲೆ ಅನುಮಾನವಿದೆ ಸ್ವಾಮಿ. ಮೇ ತಿಂಗಳಲ್ಲಿ ಮೇಲಿನಿಂದಲೂ ಅದೇ ಗರಗರ. ಕೇಳಿದರೆ, "ನಮ್ಮ ಅಕ್ಕಯಮ್ಮ ಮಿಷನ್ನಲ್ಲಿ ಬಟ್ಟೆ ಹೊಲೀತಾವ್ಳೆ" ಅಂದಿರಿ. ಆ ಹೊತ್ತಿಗೆ ನಿಮ್ಮ ಮನೆಯಾಕೆ ಅಕ್ಕಯಮ್ಮನವರು ನಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು.

ಮೊನ್ನೆ ನಮ್ಮ ಕಾರ್ಖಾನೆಗೆ ಭಾಷಣಕ್ಕೆ ಬಂದ ವಿಜ್ಞಾನದ ಮೇಷ್ಟ್ರು ಭೂಮಿಯ ಬಿಸಿಗೊಂದು ಗೆರೆ ಇದೆ ಎಂದರು. ಅದನ್ನು ದಾಟಿದರೆ, ಆಮೇಲೆ ತಂಪಾದರೂ ಕರಗಿದ ಹಿಮಗುಡ್ಡ ಮೊದಲಿನಂತಾಗುವುದು ಕಷ್ಟವಂತೆ. ನಾನು ಎದ್ದು ನಿಂತು, "ಭೂಮಿಗೆ ಶಿಸ್ತಿಲ್ಲ ಸಾರ್. ನಾನು ಚಳಿ ಬಂದ ಕೂಡಲೇ ಫ್ಯಾನ್ ಬಿಚ್ಚಿ ಅಟ್ಟಕ್ಕೆ ಹಾಕ್ತೀನಿ" ಎಂದೆ. ಚಪ್ಪಾಳೆ ಬಿತ್ತು.

ಸಂಕ್ರಾಂತಿಗೆಂದು ನಾಳೆ ಕೆಳಮನೆಯೊಳಗೂ ಸುಣ್ಣ ಹೊಡೆಸಲು ಆಳುಗಳನ್ನು ಕರೆತರುತ್ತೀರಂತೆ. ದಯವಿಟ್ಟು ಮನೆ ಬಿಡಿಸಬೇಡಿ, ಫ್ಯಾನನ್ನೂ ಬಿಚ್ಚಿಸಬೇಡಿ. ಹೊರಗೆ ಮಂಜು ಸುರಿಯುತ್ತಿದೆ. ಮಂಕಿಕ್ಯಾಪ್ ಹಾಕಿ, ಎರಡು ಕಂಬಳಿ ಹೊದ್ದು, ಹಾಳೆ ಹಾರದಂತೆ ಲೋಟ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಫ್ಯಾನ್ ನಿಂತರೆ ನನಗೀಗ ಉಸಿರು ಕಟ್ಟುತ್ತದೆ.

ನಡುಗುತ್ತಾ,
ಭೈರೇಶ್