ಅಡೆಗಲ್ಲು ರಸ್ತೆ ದಾಟುವುದಿಲ್ಲ

ಗಡಿ ಗುರುತಿಸುವ ಮಾನ್ಯ ಅಧಿಕಾರಿಗಳೇ,

ತಾವು ಎಳೆದ ಹೊಸ ಗೆರೆಯಲ್ಲಿ ನನ್ನ ಓರಗಿತ್ತಿಯ ಮನೆ ಊರೊಳಗಿದೆ, ನಮ್ಮ ಕುಲುಮೆ ಊರಾಚೆ ಬಿದ್ದಿದೆ. ನಡುವೆ ಇರುವುದು ಒಂದು ರಸ್ತೆ. ಅವಳಿಗೆ ನಲ್ಲಿ ನೀರು, ಬೀದಿದೀಪ. ನಮಗೆ ಅದನ್ನು ನೋಡುವ ಭಾಗ್ಯ. ಹೌದು, ಹೊಟ್ಟೆಯುರಿಯಿಂದಲೇ ಬರೆಯುತ್ತಿದ್ದೇನೆ. ಸಾರ್ವಜನಿಕ ಹಿತ ಎಂದು ಅದಕ್ಕೆ ಮುಸುಕು ಹಾಕುವವಳಲ್ಲ.

ಈ ಊರಿನ ಗಡಿ ಮೊದಲು ಹೇಗೆ ನಿಂತಿತೆಂದು ತಮ್ಮ ಕಚೇರಿಗೆ ಗೊತ್ತೇ? ನಮ್ಮ ಮಾವನವರ ಅಜ್ಜ ಕುಲುಮೆಯ ಅಡೆಗಲ್ಲಿನ ಮೇಲೆ ಸುತ್ತಿಗೆ ಬಡಿಯುತ್ತ ನಿಂತರಂತೆ. ಜನ ನಾಲ್ಕೂ ದಿಕ್ಕಿಗೆ ನಡೆದು, ಸದ್ದು ಕೇಳಿಸದಾದ ಕಡೆ ಕಲ್ಲು ನೆಟ್ಟರಂತೆ. ಸುತ್ತಿಗೆ ಕೇಳಿಸುವವರೆಗೂ ಊರು. ಪಡುವಣಕ್ಕೆ ಹೊರಟವರು ಮಾತ್ರ ಅಜ್ಜನ ಸ್ವಂತ ಅಣ್ಣ. ಜೀವಮಾನವೆಲ್ಲ ಕಬ್ಬಿಣ ಬಡಿದು ಅವರ ಕಿವಿ ಮಂದವಾಗಿತ್ತು. ಹಿತ್ತಲು ದಾಟುವಷ್ಟರಲ್ಲೇ "ಏನೂ ಕೇಳಿಸ್ತಿಲ್ಲಪ್ಪಾ, ಇಲ್ಲೇ ನೆಡಿ" ಅಂದುಬಿಟ್ಟರು. ಹಿರಿಯರ ಮಾತು, ಎದುರಾಡುವವರು ಯಾರು? ಆಮೇಲೆ ಗಡಿ ಬದಲಾದಾಗಲೆಲ್ಲ ಊರು ಮೂಡಣಕ್ಕೇ ಹಿಗ್ಗಿತು. ನಾವು ಅಂಚಿನಲ್ಲೇ ಉಳಿದೆವು. ಈಗ ತಾವು ರಸ್ತೆಯೇ ಗಡಿಯೆಂದು ಆ ಅಂಚನ್ನೂ ಕತ್ತರಿಸಿದಿರಿ. ಊರನ್ನು ಅಳೆದ ಜಾಗವೇ ಊರಿಗೆ ಸೇರಿಲ್ಲವೆಂದರೆ, ಇದೆಂಥ ಅಳತೆ ಸ್ವಾಮಿ?

ಇಷ್ಟಾದರೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಮೊನ್ನೆ ತಮ್ಮ ಸಿಬ್ಬಂದಿ ಬಂದು, ಊರು ಹುಟ್ಟಿದ ನೆನಪಿಗೆ ಆ ಅಡೆಗಲ್ಲನ್ನು ಕಟ್ಟೆ ಕಟ್ಟಿ ಇಡುತ್ತೇವೆ ಎಂದರು. ನಾನು ಹಿಗ್ಗಿನಿಂದ ನಮ್ಮ ಅಂಗಳ ತೋರಿಸಿದೆ.

"ಇಲ್ಲಲ್ಲಮ್ಮಾ, ಸ್ಮಾರಕ ಗಡಿ ಒಳಗೇ ಇರ್ಬೇಕು. ಎದುರು ಮನೆ ಮುಂದೆ ಇಡ್ತೀವಿ."

ಎದುರು ಮನೆ! ಮದುವೆಯಾಗಿ ಬಂದ ವರ್ಷವೇ, ಹೊಗೆ ಆಗುವುದಿಲ್ಲವೆಂದು ಮೂಗು ಮುಚ್ಚಿಕೊಂಡು ಬೇರೆ ಹೋದವಳ ಮನೆ. ಕುಲುಮೆಗೆ ಗಾಳಿ ಊದುವ ತಿದಿ ಒತ್ತಿ ಒತ್ತಿ ಅಂಗೈ ಜಡ್ಡುಗಟ್ಟಿದ್ದು ನನ್ನದು. ಅವಳು ಆಗಲೇ ಜಾಗ ಗುಡಿಸಿಟ್ಟು, "ಅಕ್ಕಾ, ಇಲ್ಲಿಟ್ರೆ ನಿಮಗೂ ಕಾಣ್ಸುತ್ತೆ ಬಿಡಿ" ಅಂದಳು. ನನ್ನ ಗಂಡ ಮಾತ್ರ ಮೆತ್ತಗೆ ಕೇಳಿದರು: "ಅದು ಹೋದ್ರೆ ನಾನು ಕಬ್ಬಿಣ ಎಲ್ಲಿಟ್ಟು ಬಡೀಲಿ?"

ಅಡೆಗಲ್ಲು ರಸ್ತೆ ದಾಟುವುದಿಲ್ಲ. ತಮ್ಮ ಗೆರೆಯೇ ರಸ್ತೆ ದಾಟಿ ಈಚೆ ಬರಲಿ. ಬೇಕಾದರೆ ತಾವೇ ಬನ್ನಿ. ನನ್ನ ಗಂಡ ಬಡಿಯುತ್ತಾರೆ, ತಾವು ಸದ್ದು ಕೇಳಿಸುವವರೆಗೂ ಪಡುವಣಕ್ಕೆ ನಡೆಯಿರಿ. ಕಿವಿ ನೆಟ್ಟಗಿದ್ದರೆ ನಮ್ಮ ಹಿತ್ತಲಲ್ಲಿ ನಿಲ್ಲಲಾರಿರಿ. ಅದೂ ಆಗದೆಂದರೆ, ಗೆರೆಯನ್ನು ಆಚೆಗಾದರೂ ಸರಿಸಿ ಅವಳ ಮನೆಯನ್ನೂ ಹೊರಗೆ ಹಾಕಿ. ದೀಪವಿಲ್ಲದೆ ನಾನು ಬದುಕಬಲ್ಲೆ. ಅವಳ ದೀಪ ನೋಡಿಕೊಂಡು ಬದುಕಲಾರೆ.

ಇಂತಿ,
ಊರಿನ ಮೊದಲ ಮನೆಯ, ಈಗ ಊರಿನವಳಲ್ಲದ, ಹಿರಿಸೊಸೆ