ಎರಡು ಬೆರಳು ಬಟ್ಟೆ

ಕಿರಿಸೊಸೆಗೆ,

ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳೆದುರು ನಾನು ಬೈದೆನೆಂದು ನೀನು ತವರಿಗೆ ಹೋಗಿ ಮೂರು ತಿಂಗಳಾಯಿತು. ಮುಂದೆ ಬಿಗಿಯಾದರೆ ಬಿಚ್ಚಿ ಸಡಿಲಿಸಲೆಂದು ನೀನು ಹೊಲಿಗೆಯೊಳಗೆ ಹೆಚ್ಚು ಬಟ್ಟೆ ಬಿಟ್ಟಿದ್ದನ್ನು ನಾನು ದಂಡವೆಂದೆ. "ಅತ್ತೆ, ನೀವು ಹೊಲಿದ ಅಂಗಿ ಹಾಕ್ಕೊಂಡ್ರೆ ಉಸಿರಾಡೋಕೂ ಅಪ್ಪಣೆ ಕೇಳ್ಬೇಕು" ಎಂದು ನೀನೂ ಅಂದೆ. ಅಂದಿನಿಂದ ನಿನ್ನ ಗಂಡ ನನ್ನೊಡನೆ ಮಾತು ಬಿಟ್ಟಿದ್ದ.

ಪ್ರತಿ ಹೊಸ ವರ್ಷ ಕೋಪ ಬಿಡುವ ಪಣ ತೊಟ್ಟು, ನಾಲ್ಕನೇ ದಿನಕ್ಕೇ ಮುರಿಯುವವಳು ನಾನು. ಈ ಸಲ ಪಣ ಬೇಡವೆಂದು, ವರ್ಷವಿಡೀ ಕಣ್ಣೆದುರಿರಲೆಂದು, ಬಟ್ಟೆ ಕತ್ತರಿಸುವ ಮೇಜಿನೆದುರಿನ ಗೋಡೆಗೆ ಒಂದೇ ಮಾತು ಬರೆದಿದ್ದೇನೆ: 'ಎರಡು ಬೆರಳು ಬಿಡು.' ಅದನ್ನೋದಿ ನಿನ್ನ ಗಂಡ ಕೊನೆಗೂ ಬಾಯಿಬಿಟ್ಟ: "ಬಟ್ಟೆಗಾ ಅಮ್ಮ, ಮನುಷ್ಯರಿಗಾ?" ನಾನು ನಿನ್ನ ಅಳತೆ ಬರೆದ ಚೀಟಿ ಹುಡುಕಿ ತೆಗೆದೆ.

ನಿನ್ನ ಅಳತೆಗೊಂದು ಅಂಗಿ ಹೊಲಿದಿದ್ದೇನೆ, ಒಳಗೆ ಎರಡು ಬೆರಳು ಬಿಟ್ಟು. ಅಂಚೆಯಲ್ಲಿ ಕಳಿಸುವುದಿಲ್ಲ. ಬಂದು ತೊಟ್ಟು ನೋಡು. ಬಿಗಿಯಾದರೆ ಹೊಲಿಗೆ ನಾನೇ ಬಿಚ್ಚುತ್ತೇನೆ.

ನಿನ್ನ ಅತ್ತೆ