ಎಪ್ಪತ್ತೊಂದನೇ ಚೀಟಿ

ಅಕ್ಕಾ,

ಇವತ್ತು ಜನರೆಲ್ಲ ಸೇರಿ ನನಗೆ ಚೆನ್ನಾಗಿ ಬೈದರು.

ಚಂಡಮಾರುತ ಬಂದುಹೋಗಿ ಹನ್ನೆರಡು ದಿನವಾದರೂ ಆಸ್ಪತ್ರೆಗೆ ಕರೆಂಟ್ ಬಂದಿಲ್ಲ. ಶಾಲೆಯ ಮೂರನೇ ತರಗತಿಯ ಕೋಣೆಯಲ್ಲೇ ಡಾಕ್ಟರು ಕೂರುತ್ತಾರೆ. ಗಾಯ ತೊಳೆದು ಕಟ್ಟುವವಳೂ ನಾನೇ, ಬಾಗಿಲಲ್ಲಿ ಸರದಿ ಚೀಟಿ ಕೊಡುವವಳೂ ನಾನೇ. ಮಧ್ಯಾಹ್ನ ಒಬ್ಬ ಹೆಂಗಸು ಕುಂಟುತ್ತಾ ಬಂದಳು. ಹಾರಿಬಿದ್ದ ತಗಡು ಎತ್ತುವಾಗ ಪಾದ ಕೊಯ್ದುಕೊಂಡು, ಅದೇ ಕಾಲಲ್ಲಿ ಎರಡು ದಿನ ಕೆಸರು ತುಳಿದಿದ್ದಳು. ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು. ಚೀಟಿ ಕೊಡದೆ ಕೈಹಿಡಿದು ಸೀದಾ ಒಳಗೆ ಕರೆದೊಯ್ದೆ.

"ನಾವೇನು ಬೆಳಗ್ಗಿಂದ ಕತ್ತೆ ಕಾಯೋಕೆ ಬಂದಿದೀವಾ? ನಿಮ್ಮೋರಾದ್ರೆ ಮುಂದೆ ಬಿಡ್ತೀರಾ?" ಎಂದು ಸಾಲಿನಿಂದ ಒಬ್ಬ ಕೂಗಿದ. ಉಳಿದವರೂ ದನಿಗೂಡಿಸಿದರು.

ಈ ಮಾತಿಗೇ ಅಲ್ಲವೇ ಹೋದ ವಾರ ಇದೇ ಬಾಗಿಲಲ್ಲಿ ನಾನು ಹೆದರಿದ್ದು? ಮೊಳೆ ಚುಚ್ಚಿದ ಕಾಲಲ್ಲಿ ನಿಂತಿದ್ದ ನಿನ್ನ ಕೈಗೆ ಎಪ್ಪತ್ತೊಂದನೇ ಚೀಟಿ ಕೊಟ್ಟು, "ನಿನ್ನ ಮೊದ್ಲು ಬಿಟ್ರೆ ಜನ ಸುಮ್ನಿರಲ್ಲ ಅಕ್ಕಾ" ಎಂದೆ. ಹಣೆ ಮುಟ್ಟಲಿಲ್ಲ. ಐವತ್ತು ಜನಕ್ಕೇ ಔಷಧಿ ಮುಗಿದು ನಾನು "ನಾಳೆ ಬಾ" ಎಂದಾಗ ನೀನು, "ನಿಂದು ಊಟ ಆಯ್ತಾ?" ಎಂದಷ್ಟೇ ಕೇಳಿ ಹೊರಟೆ. ಮೂರನೇ ದಿನ ಭಾವ ಬಂದರು, ಕೊನೆಯ ಸಲ ನಿನ್ನ ಮುಖ ನೋಡು ಬಾ ಎಂದು ನನ್ನನ್ನು ಕರೆಯಲು.

ಆ ಹೆಂಗಸಿಗೆ ಇಂಜೆಕ್ಷನ್ ಆಯಿತು. ನಾನು ಬಾಗಿಲಿಗೆ ಬಂದಾಗ ಕೂಗಿದವನು ಮತ್ತೆ ಕೇಳಿದ, "ಆಯಮ್ಮ ನಿಮಗೇನಾಗ್ಬೇಕು?"

"ನಮ್ಮಕ್ಕ" ಎಂದೆ.

"ಹಾಗನ್ನಿ ಮತ್ತೆ" ಎಂದು ಮುಖ ತಿರುಗಿಸಿದ. ಸಾಲು ಮುಂದಕ್ಕೆ ಸರಿಯಿತು.

ಅಷ್ಟೇ ಅಕ್ಕಾ. ಜನ ಬೈಯುವುದೆಂದರೆ ಅಷ್ಟೇ.